ಮಲಾವಿಯ ಹೊಲಕ್ಕೆ ಸಲಹೆ ಬರುವ ಹೊತ್ತಿಗೆ

ಆಫ್ರಿಕಾದ ಹಳ್ಳಿಗಳ ಸಣ್ಣ ರೈತರಿಗೆ ಕೃಷಿ ಸಲಹಾ ಸೇವೆಯಿಂದ ನಿಜವಾಗಿ ಉಪಯೋಗ ಆಗುತ್ತಿದೆಯಾ ಎಂದು ಕೇಳಿದ್ದೀರಿ. ಇಡೀ ಆಫ್ರಿಕಾದ ಮಾತು ನಾನು ಆಡಲಾರೆ. ಬೀಜದ ಕೆಲಸದ ಮೇಲೆ ಮಲಾವಿ ದೇಶದ ಕಸುಂಗು ಕಡೆ ಎರಡು ಮಳೆಗಾಲ ಇದ್ದೆ, ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಲಹೆ ಒಳ್ಳೆಯದೇ ಇರುತ್ತದೆ. ಆದರೆ ತಡವಾಗಿ ಬರುತ್ತದೆ, ಎಷ್ಟೋ ಮನೆಗೆ ಬರುವುದೇ ಇಲ್ಲ.

ಕೃಷಿ ಸಲಹೆಗಾರರಿಗೆ ಅಲ್ಲಿನ ಚಿಚೆವಾ ಭಾಷೆಯಲ್ಲಿ 'ಮ್ಲಾಂಗಿಜಿ' ಎನ್ನುತ್ತಾರೆ. ಒಬ್ಬೊಬ್ಬರ ಪಾಲಿಗೆ ಎರಡು ಸಾವಿರಕ್ಕೂ ಜಾಸ್ತಿ ರೈತ ಕುಟುಂಬ. ಓಡಾಡಲು ಸೈಕಲ್ಲು. ಬೈಕ್ ಇದ್ದವರಿಗೂ ಎಷ್ಟೋ ಸಲ ಪೆಟ್ರೋಲಿಗೆ ದುಡ್ಡಿರುವುದಿಲ್ಲ. ನವೆಂಬರ್ ಹೊತ್ತಿಗೆ ಶುರುವಾದ ಮಳೆ ಏಪ್ರಿಲ್‌ಗೆ ಮುಗಿಯುತ್ತದೆ. ಹೆಚ್ಚಿನವರಿಗೆ ಇರುವುದು ಎರಡೂವರೆ ಎಕರೆಗಿಂತ ಕಡಿಮೆ ಹೊಲ, ಅದರಲ್ಲಿ ಮಳೆ ನಂಬಿದ ಒಂದೇ ಬೆಳೆ.

2016-17ರಲ್ಲಿ ಅಲ್ಲಿನ ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳು ಬಿತ್ತು. 2018ರಲ್ಲಿ ನಮ್ಮ ಶಿವಮೊಗ್ಗದ ಕಡೆ ಬಂತಲ್ಲ, ಅದೇ ಹುಳು. ಒಬ್ಬ ಅಜ್ಜಿ ನನ್ನನ್ನು ಹೊಲಕ್ಕೆ ಕರೆದು ಒಂದು ಗಿಡದ ಸುಳಿ ಬಿಡಿಸಿ ತೋರಿಸಿದರು. ಒಳಗೆ ಒದ್ದೆ ಮರದ ಪುಡಿಯಂಥ ಹಿಕ್ಕೆ, ಅದರಡಿ ಹುಳು. ತಲೆ ಮೇಲೆ ಇಂಗ್ಲಿಷಿನ Y ಅಕ್ಷರವನ್ನು ತಲೆಕೆಳಗು ಇಟ್ಟಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಹುಳು ಸಣ್ಣದಿರುವಾಗಲೇ, ಬೆಳಿಗ್ಗೆ ಬೇಗ ಇಲ್ಲವೇ ಸಂಜೆ, ಸುಳಿಯೊಳಗೇ ಔಷಧಿ ಬೀಳಬೇಕು. ದೊಡ್ಡದಾಗಿ ಒಳಗೆ ಸೇರಿಕೊಂಡ ಮೇಲೆ ಎಷ್ಟು ಹೊಡೆದರೂ ದಂಡ. ಅಜ್ಜಿ ಮೇಕೆ ಮಾರಿ ಔಷಧಿ ತಂದು, ಮಧ್ಯಾಹ್ನದ ಬಿಸಿಲಲ್ಲಿ ಎಲೆ ಮೇಲೆಲ್ಲ ಹೊಡೆದು ಮುಗಿಸಿದ್ದರು. ಹೊಡೆಯುವ ಕ್ರಮವನ್ನು ಹತ್ತು ದಿನ ಮುಂಚೆ ಅದೇ ಊರಿನ ಮೀಟಿಂಗಿನಲ್ಲಿ ಹೇಳಿಕೊಟ್ಟಿದ್ದರು. ಆದರೆ ಕರೆದದ್ದು ಗಂಡಸರನ್ನು. ಅಜ್ಜಿಗೆ ಗಂಡ ಇರಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಸಂಕಟ ಆಗುತ್ತದೆ.

ಹಾಗಂತ ಸಲಹಾ ಸೇವೆಯೇ ಬೇಡ ಅನ್ನಬೇಡಿ. ಆ ಮ್ಲಾಂಗಿಜಿಗಳ ತಪ್ಪೂ ಅಲ್ಲ, ಎರಡು ಸಾವಿರ ಮನೆ ಸುತ್ತಲು ಯಾರಿಂದ ಆಗುತ್ತದೆ? ಊರಿನ ರೈತರೊಬ್ಬರಿಗೆ ಕಲಿಸಿ, ಅವರಿಂದ ಉಳಿದವರಿಗೆ ಹೇಳಿಸುವ ದಾರಿ ಅಲ್ಲಿ ಇದೆ. ಎಡವುವುದು ಆ ರೈತರನ್ನು ಆರಿಸುವಾಗ. ಸಾಮಾನ್ಯವಾಗಿ ಊರಲ್ಲಿ ಅನುಕೂಲಸ್ಥರೇ ಆಯ್ಕೆಯಾಗುತ್ತಾರೆ. ಮಲಾವಿಯಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಮಳೆ ನೀರು ನಿಲ್ಲಲು ಗುಂಡಿ ತೋಡಿ ಬಿತ್ತುವುದು, ಕಾಂಪೋಸ್ಟ್ ಮಾಡುವುದು, ಇಂಥವನ್ನು ಹರಡುವ ಕೆಲಸ. ಊರಿನ ಉಳಿದವರಷ್ಟೇ ಹೊಲ ಇರುವ ಸಾಮಾನ್ಯ ರೈತರಿಗೆ ಕಲಿಸಿ, ಒಂದು ಚಿಕ್ಕ ಬಹುಮಾನವನ್ನೂ ಇಟ್ಟಾಗ ಅಕ್ಕಪಕ್ಕದವರು ಚೆನ್ನಾಗಿ ಕಲಿತರು. ಬಹುಮಾನ ಇಲ್ಲದ ಕಡೆ ಹೇಳುವವರೇ ಹೆಚ್ಚು ಓಡಾಡಲಿಲ್ಲ. ಸಹಜ ಅಲ್ವಾ? ತನ್ನ ಹೊಲದ ಕೆಲಸ ಬಿಟ್ಟು ಯಾರು ಸುಮ್ನೆ ತಿರುಗುತ್ತಾರೆ?

ನೀವು ಯಾವುದಾದರೂ ಯೋಜನೆ ನೋಡಲು ಹೋದರೆ, ಆಫೀಸಿನ ರಿಜಿಸ್ಟರ್ ಆಮೇಲೆ ನೋಡಿ. ಮೊದಲು ಕಳೆ ತೆಗೆಯುತ್ತಿರುವ ಹೆಂಗಸರ ಹತ್ತಿರ ಹೋಗಿ ಕೇಳಿ: ಸಲಹೆಗಾರರು ಕೊನೆಯ ಸಲ ಬಂದಾಗ ನಿಮ್ಮ ಮೆಕ್ಕೆಜೋಳ ಎಷ್ಟೆತ್ತರ ಇತ್ತು?