ಫಾರ್ಮ್ಯಾಟ್ ಮಾಡಿಸೋ ಮುಂಚೆ ಫೋನ್ ಎತ್ತಿ ಕಿವಿಗೆ ಇಟ್ಕೊಳ್ಳಿ

ಫೋನ್ ತಂತಿಗೆ ಮೋಡೆಮ್ ಅನ್ನೋ ಸಾಧನ ಸೇರ್ಸಿ ನೆಟ್ ನೋಡ್ತಿದ್ದ ಡಯಲ್-ಅಪ್ ಕಾಲದ ಮಾತಿದು. ಮಳೆ ಶುರುವಾದ್ರೆ ಸಾಕು, ಒಂದೇ ಪ್ರಶ್ನೆ ಹತ್ತು ಊರಿಂದ ಬರತ್ತೆ. ಹೊಸನಗರ ಕಡೆಯ ಓದುಗರೊಬ್ರು ಕೇಳಿರೋದು: "ವಿಂಡೋಸ್ 98 ಇರೋ ಹಳೇ ಪೆಂಟಿಯಂ, ಇಂಟರ್ನಲ್ ಮೋಡೆಮ್. ನೆಟ್ ಕನೆಕ್ಟ್ ಆಗತ್ತೆ, ಐದ್ಹತ್ತು ನಿಮಿಷಕ್ಕೆ ತಾನಾಗೇ ಕಟ್ಟಾಗತ್ತೆ. ಅಂಗಡಿಯವ್ರು ಎರಡು ಸಲ ಫಾರ್ಮ್ಯಾಟ್ ಮಾಡಿದ್ರು, ಮೋಡೆಮ್ಮೂ ಬದಲಾಯಿಸಿದ್ರು, ಕತೆ ಹಾಗೇ ಇದೆ. ಈಗ ಹೊಸ ಕಂಪ್ಯೂಟರೇ ತಗೊಳ್ಳಿ ಅಂತಿದಾರೆ."

ತಗೋಬೇಡಿ. ದಯವಿಟ್ಟು ಇನ್ನೊಂದ್ಸಲ ಫಾರ್ಮ್ಯಾಟೂ ಮಾಡಿಸ್ಬೇಡಿ. ಒಂದ್ಸಲ ಕನೆಕ್ಟ್ ಆಯ್ತು ಅಂದ್ಮೇಲೆ ಡ್ರೈವರ್ ಸರಿ ಇದೆ, ವಿಂಡೋಸ್ ಸರಿ ಇದೆ, ಪಾಸ್‌ವರ್ಡೂ ಸರಿ ಇದೆ, ಇಲ್ದಿದ್ರೆ ಅದು ಅಲ್ಲೀವರೆಗೂ ಹೋಗ್ತಾನೇ ಇರ್ಲಿಲ್ಲ. ಇಷ್ಟು ಯೋಚನೆ ಮಾಡ್ದೆ ಎರಡು ಸಲ ಫಾರ್ಮ್ಯಾಟ್ ಮಾಡಿ ದುಡ್ಡು ಇಸ್ಕೊಂಡಿದಾರಲ್ಲ, ಅದು ರಿಪೇರಿ ಅಲ್ಲ. ಮಧ್ಯದಲ್ಲಿ ಕಟ್ಟಾಗತ್ತೆ ಅಂದ್ರೆ ಹೆಚ್ಚಿನ ಪಾಲು ತೊಂದ್ರೆ ಇರೋದು ಫೋನ್ ತಂತಿಯಲ್ಲಿ.

ರಿಸೀವರ್ ಎತ್ತಿ ಯಾವ್ದಾದ್ರೂ ಒಂದು ನಂಬರ್ ಮಾತ್ರ ಒತ್ತಿ. ಡಯಲ್ ಟೋನ್ ನಿಲ್ಲತ್ತೆ, ಆಮೇಲೆ ಕೆಲವು ಸೆಕೆಂಡ್ ಲೈನ್ ಖಾಲಿ ಇರತ್ತೆ, ಆಗ ಕಿವಿಗೊಟ್ಟು ಕೇಳಿ. ನಿಶ್ಶಬ್ದ ಇರ್ಬೇಕು. ಚಟಪಟ ಅಂದ್ರೆ ಎಲ್ಲೋ ಜಾಯಿಂಟ್ ಸಡಿಲ ಆಗಿದೆ ಅಥವಾ ನೀರು ಹೊಕ್ಕಿದೆ, ಗುಂಯ್ ಅಂದ್ರೆ ಎರಡು ತಂತೀಲಿ ಒಂದು ನೆಲಕ್ಕೋ ಒದ್ದೆ ಮರಕ್ಕೋ ತಾಗ್ತಿದೆ. ಮಾತಾಡೋವಾಗ ಈ ಸದ್ದು ನಮ್ಗೆ ಲೆಕ್ಕಕ್ಕೇ ಬರಲ್ಲ, ಮೋಡೆಮ್‌ಗೆ ಮಾತ್ರ ಪ್ರತಿ ಚಟಪಟಾನೂ ಡೇಟಾ ಮೇಲೆ ಬಿದ್ದ ಏಟು.

ಆಮೇಲೆ ಮನೆಯೊಳಗಿನ ಎಕ್ಸ್‌ಟೆನ್ಶನ್, ಪ್ಯಾರಲಲ್ ಫೋನು, ಕಾಲರ್ ಐಡಿ ಡಬ್ಬಿ ಎಲ್ಲಾ ಬಿಚ್ಚಿ, ಹೊರಗಿನ ತಂತಿ ಬಂದು ಸೇರೋ ರೋಸೆಟ್ ಡಬ್ಬಿಗೇ ನೇರವಾಗಿ ಒಂದು ಫೋನ್ ಹಾಕಿ ಮತ್ತೆ ಕೇಳಿ. ಅಲ್ಲಿ ಸದ್ದಿಲ್ಲ ಅಂದ್ರೆ ತೊಂದ್ರೆ ನಿಮ್ಮನೆ ವೈರಿಂಗ್‌ನಲ್ಲಿದೆ. ಹೋದ ಮಳೆಗಾಲ ಸಾಗರದ ಹತ್ರ ಒಬ್ರ ಮನೇಲಿ ಆ ಡಬ್ಬಿ ಮುಚ್ಚಳ ತೆಗೆದ್ರೆ ಒಳಗೆ ಇರುವೆ ಗೂಡು, ಸ್ಕ್ರೂ ಕೆಳಗಿನ ತಾಮ್ರ ಪಾಚಿ ಥರ ಹಸಿರು. ಅದನ್ನ ಒಂದಿಂಚು ಕತ್ತರಿಸಿ, ಬ್ಲೇಡಲ್ಲಿ ಹೊಸ ತಾಮ್ರ ಕೆರೆದು ಬಿಗಿ ಮಾಡಿದ್ವಿ ಅಷ್ಟೇ, ಹತ್ತು ನಿಮಿಷ ನಿಲ್ದೇ ಇದ್ದ ಕನೆಕ್ಷನ್ ಅವತ್ತು ಎರಡು ಗಂಟೆ ನಿಂತ್ತು. ಡಬ್ಬಿ ಸರಿ ಮಾಡಿದ್ಮೇಲೂ ಅಲ್ಲಿ ಸದ್ದಿದ್ರೆ ಹೊರಗಿನ ಲೈನ್ ಕೆಟ್ಟಿದೆ, ಕಂಪ್ಲೇಂಟ್ ಕೊಡಿ. ಆದ್ರೆ "ನೆಟ್ ಬರ್ತಿಲ್ಲ" ಅನ್ಬೇಡಿ, "ಮಾತಾಡೋವಾಗ ಗರಗರ ಸದ್ದು" ಅನ್ನಿ, ಲೈನ್‌ಮನ್‌ಗೆ ಹುಡುಕೋಕೆ ಬರೋದು ಅದೇ. ಅಡಿಕೆ ಮರಕ್ಕೆ ಕಟ್ಟಿ ತಂದ ತಂತಿ ಆಗಿದ್ರೆ ಜೊತೇಲಿ ಹೋಗಿ ಪ್ರತಿ ಜಾಯಿಂಟೂ ತೋರ್ಸಿ.

ಲೈನ್ ಶುದ್ಧವಾಗಿದ್ದೂ ಕಟ್ಟಾಗ್ತಿದ್ರೆ ಕಾಲ್ ವೇಟಿಂಗ್ ತೆಗೆಸಿ, ಮಧ್ಯೆ ಇನ್ನೊಂದು ಕರೆ ಬಂದಾಗ ಆಗೋ ಬೀಪ್ ಸದ್ದಿಗೇ ಮೋಡೆಮ್ ಲೈನ್ ಹೋಯ್ತು ಅನ್ಕೊಂಡು ಇಟ್ಬಿಡತ್ತೆ. ಮೋಡೆಮ್ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್‌ಡ್ ಒಳಗೆ ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಅಂತ ಒಂದು ಖಾಲಿ ಜಾಗ ಇದೆ, ಅಲ್ಲಿ ಎಸ್10=50 ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಸಿಗ್ನಲ್ ಮಾಯ ಆದ್ರೆ ಸಾಮಾನ್ಯವಾಗಿ ಒಂದೂವರೆ ಸೆಕೆಂಡೂ ಕಾಯ್ದೇ ಇರೋದು ಐದು ಸೆಕೆಂಡ್ ಕಾಯತ್ತೆ. ಎಕ್ಸ್‌ಚೇಂಜಿಂದ ದೂರ ಇರೋರು ಅದಾದ್ಮೇಲೆ ಪಕ್ಕದಲ್ಲೇ +ಎಂಎಸ್=ವಿ34 ಅಂತ ಸೇರ್ಸಿ, ಬಹಳಷ್ಟು ಚಿಪ್‌ಗಳು ಒಪ್ಕೊಳ್ತವೆ. ವೇಗ 33.6 ಕಿಲೋಬಿಟ್ ದಾಟಲ್ಲ, ಆದ್ರೆ ನಿಲ್ಲತ್ತೆ. 46 ಅಂತ ತೋರ್ಸಿ ಮೂರು ನಿಮಿಷಕ್ಕೆ ಬೀಳೋ ಕನೆಕ್ಷನ್ ಯಾರಿಗೆ ಬೇಕು? ನಾನಂತೂ ನಮ್ಮನೇಲಿ ಹೀಗೇ ಇಟ್ಟಿದೀನಿ.

"680 ಎರರ್, ಡಯಲ್ ಟೋನ್ ಇಲ್ಲ ಅನ್ನತ್ತೆ, ಫೋನ್ ಮಾತ್ರ ಸರಿ ಇದೆ" ಅನ್ನೋರು ವೈರ್ 'ಲೈನ್' ಅಂತ ಬರ್ದಿರೋ ತೂತಲ್ಲೇ ಇದ್ಯಾ ನೋಡಿ. ಇದ್ರೆ 'ವೆಯ್ಟ್ ಫಾರ್ ಡಯಲ್ ಟೋನ್' ಟಿಕ್ ತೆಗೀರಿ, ನಮ್ಮ ಟೋನ್ ಕೆಲವು ಮೋಡೆಮ್‌ಗೆ ಗುರುತು ಸಿಗಲ್ಲ.

691 ಅಂದ್ರೆ ಹೆಸ್ರು ಅಥವಾ ಪಾಸ್‌ವರ್ಡ್ ತಪ್ಪು, ಕ್ಯಾಪ್ಸ್ ಲಾಕ್ ನೋಡ್ಕೊಳ್ಳಿ.

ಲಿನಕ್ಸಲ್ಲಿ ಇಂಟರ್ನಲ್ ಮೋಡೆಮ್ ಕಾಣಲ್ಲ ಅನ್ನೋರು ಸೀರಿಯಲ್ ಪೋರ್ಟಿನ ಎಕ್ಸ್‌ಟರ್ನಲ್ ಮೋಡೆಮ್ ತಗೊಳ್ಳಿ, ಒದ್ದಾಡ್ಬೇಡಿ.

ವೇಗ ಎರಡು ಪಟ್ಟು ಮಾಡೋ ಸಾಫ್ಟ್‌ವೇರ್ ಸೀಡಿ ಬಗ್ಗೆ ಮೂರು ಜನ ಕೇಳಿದೀರಿ. ಮೋಸ. ಅದು ತೋರ್ಸೋ 115200 ನಿಮ್ಮ ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ವೇಗ. ಎಕ್ಸ್‌ಚೇಂಜಲ್ಲಿ ಒಂದು ಫೋನ್ ಕರೆಗೆ ಸಿಗೋದೇ 64 ಕಿಲೋಬಿಟ್, ಅದನ್ನ ಯಾವ ಸೀಡಿಯೂ ಹಿಗ್ಗಿಸಲ್ಲ.

ಬಿಲ್ಲಲ್ಲಿ ಐಎಸ್‌ಡಿ, ಅಂದ್ರೆ ವಿದೇಶದ ಕರೆ ಬಂದಿದೆ ಅಂದವ್ರೇ, ತಕ್ಷಣ ಕನೆಕ್ಷನ್ ಐಕಾನ್ ಓಪನ್ ಮಾಡಿ ಅದ್ರಲ್ಲಿರೋ ನಂಬರ್ ನೋಡಿ. 00 ಇಂದ ಶುರು ಆಗ್ತಿದ್ರೆ ಯಾವ್ದೋ ಸೈಟಿಂದ ಕಳ್ಳ ಡಯಲರ್ ಇಳ್ಕೊಂಡಿದೆ. ಅದನ್ನ ಕಿತ್ತು ಹಾಕಿ, ಐಎಸ್‌ಡಿ ಲಾಕ್ ಮಾಡ್ಸಿ. ಮೋಡೆಮ್ ಸ್ಪೀಕರ್ ಯಾವತ್ತೂ ಆಫ್ ಮಾಡ್ಬೇಡಿ, ನೆಟ್ ನಂಬರಿನ ಆರಂಕಿ ಬದ್ಲು ಹದಿನಾಲ್ಕು ಅಂಕಿ ಒತ್ತಿದ್ರೆ ಕಿವಿಗೇ ಗೊತ್ತಾಗತ್ತೆ.

ಕೊನೇದು ಸಿಡಿಲು. ಸ್ಪೈಕ್ ಬಸ್ಟರ್ ಇದೆ, ಫೋನ್ ವೈರಿಗೆ ಗಂಟು ಹಾಕಿದೀನಿ, ಸಾಕಲ್ವಾ ಅಂತ ತೀರ್ಥಹಳ್ಳಿಯಿಂದ ಒಬ್ರು. ಗಂಟು ಹಾಕಿದ್ರೆ ಸಿಡಿಲು ನಿಲ್ಲಲ್ಲ, ಯಾರು ಹೇಳಿದ್ರೋ ಅವ್ರ ಮಾತು ಕೇಳ್ಬೇಡಿ. ಸ್ಪೈಕ್ ಬಸ್ಟರ್ ನೋಡ್ಕೊಳ್ಳೋದು ಕರೆಂಟಿನ ಕಡೆ, ಮೋಡೆಮ್ ಸುಡೋದು ಫೋನ್ ತಂತಿ ಕಡೆಯಿಂದ. ಕಂಪ್ಯೂಟರ್ ಆಫ್ ಇದ್ರೂ ಸುಡತ್ತೆ. ನಂದೇ ಒಂದು ಏಪ್ರಿಲ್‌ನಲ್ಲಿ ಹೋಗಿದೆ, ಫೋನ್ ಪಿನ್ ಕೂರೋ ಜಾಗದ ಹಿಂದೆ ಕರೀ ಕಲೆ, ಮದರ್‌ಬೋರ್ಡೂ ಜೊತೇಲೇ ಹೋಯ್ತು. ಅವತ್ತಿಂದ ಮೋಡ ಕಟ್ಟೋವಾಗ್ಲೇ ಪಿನ್ ಕಿತ್ತು ಮೇಜಿನ ಮೇಲೆ ಇಡ್ತೀನಿ. ಗುಡುಗು ಶುರುವಾದ್ಮೇಲೆ ಕೀಳೋಕೆ ಹೋಗ್ಬೇಡಿ, ಆಗ ಆ ತಂತಿ ಮುಟ್ಟೋದೇ ಅಪಾಯ.