ಸಹಿ ಹಾಕುವ ಮುಂಚೆ ಗ್ರಂಥಪಾಲಕರನ್ನು ಕಾಣಿ

ನಿಮ್ಮ ಪತ್ರದ ಸಾರ ಉಳಿದ ಓದುಗರಿಗೂ ತಿಳಿಯಲೆಂದು ಮೊದಲು ಹೇಳಿಬಿಡುತ್ತೇವೆ. ಜರ್ನಲ್‌ನಲ್ಲಿ ಅಚ್ಚಾದ ನಿಮ್ಮ ಪೇಪರಿನ ಪಿಡಿಎಫ್ ಅನ್ನು ವಿಶ್ವವಿದ್ಯಾಲಯದ ರೆಪೊಸಿಟರಿಗೆ, ಅಂದರೆ ಸಂಶೋಧನಾ ಬರಹಗಳನ್ನು ಎಲ್ಲರೂ ಓದಲೆಂದು ಇಡುವ ಆನ್‌ಲೈನ್ ಸಂಗ್ರಹಕ್ಕೆ, ಹಾಕಿದಿರಿ. ‘ವಿದ್ವತ್ ಸಂವಹನ ಗ್ರಂಥಪಾಲಕ’ ಎಂಬ ಹುದ್ದೆಯಲ್ಲಿರುವವರು ಅದನ್ನು ತಡೆಹಿಡಿದು ವಾಪಸ್ ಕಳಿಸಿದರು. ನಾನೇ ಬರೆದದ್ದನ್ನು ನಾನು ಹಾಕಬಾರದೇ, ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಗ್ರಂಥಾಲಯಕ್ಕೆ ಇದರಲ್ಲೇನು ಕೆಲಸ ಎಂದು ಕೇಳಿದ್ದೀರಿ.

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಅವರು ತಡೆದದ್ದು ಸರಿ ಎಂದೇ ನಮ್ಮ ಅಭಿಪ್ರಾಯ. ಬರೆದವರು ನೀವೇ ಆದರೂ, ಪ್ರಕಟಣೆಗೆ ಮುಂಚೆ ಸಹಿ ಹಾಕಿದ ಕರಾರಿನಲ್ಲಿ ಹಕ್ಕು ಕೈಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಈಗ ಇದು ಕಾಗದದ ಮೇಲೆ ಹಾಕುವ ಸಹಿಯೂ ಅಲ್ಲ. ಪೇಪರ್ ಒಪ್ಪಿಗೆಯಾದ ಖುಷಿಯಲ್ಲಿ ತೆರೆಯುವ ವೆಬ್ ಫಾರಂನಲ್ಲಿ ಒಂದೆರಡು ಟಿಕ್, ಅಷ್ಟೇ. ಅಲ್ಲಿನ ಮಾತುಗಳನ್ನು ನಿಧಾನವಾಗಿ ಓದಬೇಕು. ‘ಕೃತಿಸ್ವಾಮ್ಯ ವರ್ಗಾವಣೆ’ ಎಂದಿದ್ದರೆ ಹಕ್ಕು ಪ್ರಕಾಶಕರದಾಯಿತು. ‘ಪ್ರಕಟಣೆಗೆ ಏಕಮಾತ್ರ ಪರವಾನಗಿ’ ಎಂದಿದ್ದರೆ ಇನ್ನೂ ಎಚ್ಚರ ಬೇಕು: ಕೃತಿಸ್ವಾಮ್ಯದ ಸಾಲಿನಲ್ಲಿ ಹೆಸರು ನಿಮ್ಮದೇ ಇರುತ್ತದೆ, ಹಂಚುವ ಹಕ್ಕು ಮಾತ್ರ ಅವರ ಕೈಯಲ್ಲಿ. ಹೆಸರು ನೋಡಿ ನಿಶ್ಚಿಂತರಾಗಿ ಎಡವುವವರು ಇಲ್ಲೇ ಹೆಚ್ಚು.

ಇನ್ನು ಯಾವ ಪ್ರತಿ ಎಂಬ ಪ್ರಶ್ನೆ. ಒಂದೇ ಪೇಪರಿಗೆ ಮೂರು ರೂಪಗಳಿವೆ. ಮೊದಲು ಕಳಿಸಿದ ಹಸ್ತಪ್ರತಿ; ವಿಮರ್ಶಕರ ಸೂಚನೆಯಂತೆ ತಿದ್ದಿ ಸಂಪಾದಕರು ಒಪ್ಪಿದ ಹಸ್ತಪ್ರತಿ; ಪ್ರಕಾಶಕರು ಪುಟ ಕಟ್ಟಿ ಹೊರತಂದ ಅಂತಿಮ ರೂಪ. ಪುಟದ ತಲೆಯಲ್ಲಿ ಜರ್ನಲ್ ಹೆಸರು, ಸಂಪುಟ, ಪುಟಸಂಖ್ಯೆ, ಎರಡು ಕಾಲಂ ಅಚ್ಚು ಕಂಡರೆ ಅದು ಮೂರನೆಯದು. ಸಹಿ ಮಾಡಿ ಹಕ್ಕು ಕೊಟ್ಟ ಜರ್ನಲ್‌ಗಳಲ್ಲಿ ಸಾಮಾನ್ಯವಾಗಿ ರೆಪೊಸಿಟರಿಗೆ ಹಾಕಲು ಬಿಡದಿರುವುದು ಇದನ್ನೇ. ಎರಡನೆಯದಕ್ಕೆ ಅನೇಕರು ಅನುಮತಿ ಕೊಡುತ್ತಾರೆ, ಆದರೆ 6, 12 ಅಥವಾ 24 ತಿಂಗಳ ತಡೆ ಅವಧಿ ಇರಬಹುದು; ಅದು ಮುಗಿಯುವವರೆಗೆ ಫೈಲನ್ನು ಎಲ್ಲರಿಗೂ ತೆರೆಯುವಂತಿಲ್ಲ. ಆ ಅವಧಿ ಆನ್‌ಲೈನ್‌ನಲ್ಲಿ ಮೊದಲು ಬಂದ ದಿನದಿಂದಲೋ ಸಂಚಿಕೆಗೆ ಸೇರಿದ ದಿನದಿಂದಲೋ ಎಂಬುದರಲ್ಲೇ ಎಷ್ಟೋ ತಿಂಗಳ ವ್ಯತ್ಯಾಸ. ನಿಮ್ಮ ಗ್ರಂಥಪಾಲಕರು ಕೂತು ನೋಡುವುದು ಇಂಥದ್ದನ್ನು. ಬಹುಕಾಲ ಶೆರ್ಪಾ ರೋಮಿಯೋ ಎಂದು ಹೆಸರಾಗಿದ್ದ, ಈಗ ಓಪನ್ ಪಾಲಿಸಿ ಫೈಂಡರ್ ಎನಿಸಿಕೊಂಡಿರುವ ಮಾಹಿತಿಕೋಶದಲ್ಲಿ ಜರ್ನಲ್‌ನ ನಿಯಮ ತೆಗೆದು, ಕರಾರಿನ ಜೊತೆ ಹೋಲಿಸುತ್ತಾರೆ. ಎರಡೂ ಹೊಂದದಿದ್ದರೆ ನೀವು ಸಹಿ ಹಾಕಿದ ಕರಾರೇ ಅಂತಿಮ.

ಬೇಸರದ ಸಂಗತಿಯೆಂದರೆ, ಆ ಎರಡನೆಯ ಪ್ರತಿಯೇ ಕಳೆದುಹೋಗಿರುತ್ತದೆ. ಫೋಲ್ಡರ್‌ನಲ್ಲಿ ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಎಂದು ಮೂರು ಫೈಲು, ಯಾವುದು ಒಪ್ಪಿಗೆಯಾದದ್ದೋ ತಿಳಿಯದು. ಒಪ್ಪಿಗೆಯ ಇಮೇಲ್ ಬಂದ ದಿನವೇ ಆ ಫೈಲನ್ನು ದಿನಾಂಕ ಸಹಿತ ಬೇರೆ ಇಡಿ. ಪ್ರೂಫ್ (ಪ್ರಕಾಶಕರು ತಪ್ಪು ನೋಡಲು ಕಳಿಸುವ ಅಚ್ಚಿನ ಕರಡು) ಬಂದ ಮೇಲಿನದು ಆ ಲೆಕ್ಕಕ್ಕೆ ಬಾರದು. ಅದರಲ್ಲಿ ಪ್ರಕಾಶಕರ ಪುಟವಿನ್ಯಾಸ ಸೇರಿರುತ್ತದೆ.

ಪೇಪರುಗಳನ್ನು ಯಾರು ಬೇಕಾದರೂ ಹಣ ಕೊಡದೆ ಓದುವಂತಾಗುವ ‘ಮುಕ್ತ ಪ್ರವೇಶ’ಕ್ಕೆ 2002ರ ಬುಡಾಪೆಸ್ಟ್ ಘೋಷಣೆಯೇ ಎರಡು ದಾರಿ ಹೇಳಿತ್ತು: ಲೇಖಕರೇ ರೆಪೊಸಿಟರಿಯಲ್ಲಿ ಇಡುವುದು, ಇಲ್ಲವೇ ಜರ್ನಲ್ಲೇ ಮುಕ್ತವಾಗಿ ಪ್ರಕಟಿಸುವುದು. ಎರಡನೆಯ ದಾರಿಯಲ್ಲಿ ಅನೇಕ ಕಡೆ ಲೇಖಕರಿಂದ ಪ್ರಕಟಣಾ ಶುಲ್ಕ ಕೇಳುತ್ತಾರೆ. ಕೆಲವು ವಿಶ್ವವಿದ್ಯಾಲಯಗಳು ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಂಡು ಆ ಶುಲ್ಕವನ್ನು ತಾವೇ ಭರಿಸುತ್ತವೆ. ಆದರೆ ಅದು ಸಾಮಾನ್ಯವಾಗಿ ಜರ್ನಲ್ ಜೊತೆ ಪತ್ರವ್ಯವಹಾರ ನಡೆಸುವ ಲೇಖಕರ ಸಂಸ್ಥೆಯನ್ನು ನೋಡಿ ಅನ್ವಯವಾಗುತ್ತದೆ. ಖಾಸಗಿ ಇಮೇಲ್ ಹಾಕಿ ಸಂಸ್ಥೆಯ ಹೆಸರನ್ನು ಅರ್ಧಂಬರ್ಧ ಬರೆದರೆ ಗಣಕ ಗುರುತಿಸದೆ ಬಿಲ್ ಕಳಿಸುತ್ತದೆ. ಪೇಪರ್ ಕಳಿಸುವ ಮುಂಚೆ ಗ್ರಂಥಪಾಲಕರಿಗೆ ಒಂದು ಸಾಲಿನ ಇಮೇಲ್ ಬರೆದಿದ್ದರೆ ತಪ್ಪುವ ಖರ್ಚು ಇದು. ಮುಕ್ತವಾಗಿ ಪ್ರಕಟವಾದ ಪೇಪರನ್ನು ಇತರರು ಹೇಗೆ ಬಳಸಬಹುದೆಂದು ಹೇಳುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆರಿಸುವಾಗಲೂ ಹಾಗೆಯೇ, ಮೊದಲೇ ಕೇಳಿ. ‘ಮಾರ್ಪಾಡು ಸಲ್ಲದು’ ಎಂಬ ಷರತ್ತು ಸುರಕ್ಷಿತವೆನಿಸಿ ಹಲವರು ಅದನ್ನೇ ಆರಿಸುತ್ತಾರೆ. ಆಮೇಲೆ ಯಾರಾದರೂ ನಿಮ್ಮ ಪೇಪರನ್ನು ಅನುವಾದಿಸಿ ಹಂಚಬೇಕೆಂದರೆ ಮತ್ತೆ ಅನುಮತಿ ಕೇಳಬೇಕು. ಒಮ್ಮೆ ಕೊಟ್ಟ ಪರವಾನಗಿ ಹಿಂತೆಗೆಯಲು ಬರುವುದಿಲ್ಲ.

ನಕಲಿ ಜರ್ನಲ್‌ಗಳ ಬಗ್ಗೆಯೂ ಅವರನ್ನೇ ಕೇಳಿ. ಅಸಲಿ ಜರ್ನಲ್‌ನ ಹೆಸರು ಮತ್ತು ಜರ್ನಲ್ ಗುರುತಿಸುವ 8 ಅಂಕಿಯ ಐಎಸ್‌ಎಸ್‌ಎನ್ ಎರಡನ್ನೂ ಕದ್ದು ಬೇರೆ ಜಾಲತಾಣ ನಡೆಸುವವರಿದ್ದಾರೆ; ಸಂಖ್ಯೆ ಸರಿಯಿದೆ ಎಂದಷ್ಟಕ್ಕೇ ನಂಬಬಾರದು. ಹಳೆಯ ಒಂದು ಪೇಪರಿನ ಡಿಒಐ (ಪ್ರತಿ ಪೇಪರಿಗೂ ಇರುವ ಶಾಶ್ವತ ಆನ್‌ಲೈನ್ ಗುರುತು, ಕೊಂಡಿ) ಒತ್ತಿ, ತೆರೆಯುವ ಜಾಲತಾಣ ಇದೇನಾ ನೋಡಿ. ಸಂಶೋಧಕರ ಗುರುತು ಸಂಖ್ಯೆಯಾದ ಓಆರ್‌ಸಿಐಡಿ (ORCID) ಇನ್ನೂ ಮಾಡಿಕೊಂಡಿಲ್ಲವಾದರೆ ಉಚಿತವಾಗಿ ಮಾಡಿಕೊಳ್ಳಿ. ಇನಿಷಿಯಲ್ ಒಮ್ಮೆ ಹೆಸರಿನ ಹಿಂದೆ, ಒಮ್ಮೆ ಮುಂದೆ ಬಂದರೂ ಆ 16 ಅಂಕಿಗಳ ಗುರುತು ನಿಮ್ಮ ಪೇಪರುಗಳನ್ನು ಒಂದೆಡೆ ಕೂಡಿಸುತ್ತದೆ.

ಯಾವ ಜರ್ನಲ್‌ಗೆ ಕಳಿಸಬೇಕೆಂದು ಈ ಗ್ರಂಥಪಾಲಕರು ನಿರ್ಧರಿಸುವುದಿಲ್ಲ, ವಕೀಲರ ಸಲಹೆಗೆ ಬದಲಿಯೂ ಅಲ್ಲ. ಆದರೆ ಕರಾರಿಗೆ ಒಂದು ಪುಟದ ಅನುಬಂಧ ಸೇರಿಸಿ, ಪೇಪರನ್ನು ಮಹಾಪ್ರಬಂಧದಲ್ಲಿ ಬಳಸುವ, ಪಾಠಕ್ಕೆ ಹಂಚುವ ಹಕ್ಕು ಉಳಿಸಿಕೊಡಿ ಎಂದು ಕೇಳಲು ನೆರವಾಗುತ್ತಾರೆ. ಎಲ್ಲ ಪ್ರಕಾಶಕರೂ ಒಪ್ಪುತ್ತಾರೆಂದಲ್ಲ. ಸಹಿಯ ನಂತರ ಕೇಳಿದರೆ ಒಪ್ಪಬೇಕಾದ ಒತ್ತಾಯವೇ ಅವರಿಗಿರದು.

ನಿಮ್ಮ ಪೇಪರಿನ ವಿಷಯಕ್ಕೆ ಬಂದರೆ, ದಾರಿ ಮುಚ್ಚಿಲ್ಲ. ಒಪ್ಪಿಗೆಯಾದ ವರ್ಡ್ ಫೈಲು ನಿಮ್ಮಲ್ಲಿ ಇರದಿದ್ದರೆ ಸಹಲೇಖಕರ ಇಮೇಲ್‌ನಲ್ಲಿ ಹುಡುಕಿಸಿ. ಜರ್ನಲ್‌ನ ಸಲ್ಲಿಕೆ ಖಾತೆಯಲ್ಲೂ ಸಿಗಬಹುದು. ಅದರ ಜೊತೆ ಕರಾರಿನ ಪ್ರತಿ, ಡಿಒಐ, ಒಪ್ಪಿಗೆಯ ದಿನಾಂಕ ಸೇರಿಸಿ ಗ್ರಂಥಪಾಲಕರಿಗೆ ಕಳಿಸಿ. ತಡೆ ಅವಧಿ ಮುಗಿದಿಲ್ಲವಾದರೂ ಈಗಲೇ ಹಾಕಿಸಬಹುದು: ಶೀರ್ಷಿಕೆ, ಲೇಖಕರು, ಸಾರಾಂಶ ಎಲ್ಲರಿಗೂ ಕಾಣುತ್ತವೆ, ಫೈಲು ಬೀಗದಲ್ಲಿದ್ದು ಗೊತ್ತಾದ ದಿನಾಂಕಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ.

— ಸಂ.