ಆರ್‌ಪಿ ಬಂದ ಕಣ್ಣಿಗೆ ಸ್ಟೆಮ್ ಸೆಲ್ ಹಾಕಿಸಿದರೆ ದೃಷ್ಟಿ ವಾಪಸ್ ಬರುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ತಮ್ಮನಿಗೆ 24 ವರ್ಷ, ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಆರ್‌ಪಿ (ಕಣ್ಣಿನ ಬೆಳಕು ಹಿಡಿಯುವ ಕೋಶಗಳು ಮೆಲ್ಲಗೆ ಸಾಯುವ ಕಾಯಿಲೆ) ಇದೆ. ಯಾವುದೋ ಸೆಂಟರ್‌ನವರು ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ (ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ತೆಗೆದು ಕಣ್ಣಿಗೆ ಇಂಜೆಕ್ಷನ್ ಕೊಡುತ್ತೇವೆ, ಎರಡೂ ಕಣ್ಣು ಸೇರಿ ಮೂರು ಲಕ್ಷ ಅಂದಿದ್ದಾರೆ. ಅಪ್ಪ ತೋಟದ ಮೇಲೆ ಸಾಲ ತೆಗೆಯಲು ಹೊರಟಿದ್ದಾರೆ. ಮಾಡಿಸಬಹುದಾ?

ಬೇಡ. ಮೊದಲು ಅಪ್ಪನನ್ನು ತಡೆಯಿರಿ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ.

ನಾನು ಡಾಕ್ಟರ್ ಅಲ್ಲ. ನನಗೂ ಇದೇ ಕಾಯಿಲೆ. ಇರುಳುಗಣ್ಣು ಚಿಕ್ಕಂದಿನಿಂದ ಇತ್ತು, ಹೆಸರು ಗೊತ್ತಾಗಿದ್ದು ಕಾಲೇಜಿನಲ್ಲಿ. ಈಗ ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ಏನೇ ಹೊಸದು ಬಂದರೂ ಓದುತ್ತೇನೆ. ಓದದಿದ್ದರೂ ನೆಂಟರು ವಾಟ್ಸಾಪ್‌ನಲ್ಲಿ ಕಳಿಸಿಯೇ ಕಳಿಸುತ್ತಾರೆ.

ಸ್ಟೆಮ್ ಸೆಲ್ ಸಂಶೋಧನೆ ಸುಳ್ಳಲ್ಲ. ಆದರೆ ಪೇಪರ್‌ನಲ್ಲಿ ಬರುವ ಸುದ್ದಿಯೇ ಬೇರೆ, ನಿಮ್ಮ ಅಪ್ಪನಿಗೆ ಮಾರುತ್ತಿರುವ ಸರಕೇ ಬೇರೆ. ಯಾಕೆ ಅಂತ ತಿಳಿಯಬೇಕಾದರೆ ಕಣ್ಣಿನ ಒಳಗೆ ಸ್ವಲ್ಪ ಇಣುಕಬೇಕು.

ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪದರದಲ್ಲಿ, ಬೆಳಕು ಹಿಡಿಯುವ ಕೋಶಗಳು ಮುಖ್ಯವಾಗಿ ಎರಡು ಥರ. ರಾಡ್‌ಗಳು ಸುಮಾರು 12 ಕೋಟಿ. ಮಬ್ಬು ಬೆಳಕಿನಲ್ಲಿ ಕಾಣುವುದಕ್ಕೆ, ಅಂಚಿನ ನೋಟಕ್ಕೆ ಇವೇ ಬೇಕು. ಕೋನ್‌ಗಳು ಸುಮಾರು 60 ಲಕ್ಷ. ಬಣ್ಣ ನೋಡುವುದು, ಓದುವುದು, ಮುಖ ಗುರುತಿಸುವುದು ಇವುಗಳ ಕೆಲಸ. ಇವೆರಡರ ಬುಡದಲ್ಲಿ ಆರ್‌ಪಿಇ ಅಂತ ಒಂದು ತೆಳು ಕಪ್ಪು ಪದರ ಇದೆ. ಅದು ಬೆಳಕು ಹಿಡಿಯುವುದಿಲ್ಲ, ಮೇಲಿನವರ ಚಾಕರಿ ಮಾಡುತ್ತದೆ. ರಾಡು, ಕೋನು ದಿನಾ ಉದುರಿಸುವ ತುದಿಗಳನ್ನು ನುಂಗುತ್ತದೆ, ಬಳಸಿ ಬಿಟ್ಟ ವಿಟಮಿನ್ ಎ ಅನ್ನು ರಿಪೇರಿ ಮಾಡಿ ಹಿಂದಕ್ಕೆ ಕೊಡುತ್ತದೆ.

ನೀವು ಕೇಳುವ ಯಶಸ್ಸಿನ ಕಥೆಗಳಲ್ಲಿ ಹೆಚ್ಚಿನವು ಈ ಆರ್‌ಪಿಇ ಪದರದ್ದು, ಅದೂ ವಯಸ್ಸಾದವರಿಗೆ ಬರುವ ಎಎಂಡಿ ಎಂಬ ಕಾಯಿಲೆಯಲ್ಲಿ. ಜಪಾನಿನ ಕೋಬೆಯಲ್ಲಿ ಮಸಾಯೋ ತಕಾಹಾಶಿ ಅವರ ತಂಡ ಎಪ್ಪತ್ತು ದಾಟಿದ ಒಬ್ಬ ಮಹಿಳೆಯ ಚರ್ಮದ ಕೋಶಗಳನ್ನು ತೆಗೆದುಕೊಂಡಿತು. ಅವನ್ನು ಮತ್ತೆ ಎಳೆಯ ಸ್ಥಿತಿಗೆ ತಂದು, ಅದರಿಂದ ಆರ್‌ಪಿಇ ಬೆಳೆಸಿ, 2014ರ ಸೆಪ್ಟೆಂಬರ್‌ನಲ್ಲಿ 1.3 ಮಿ.ಮೀ. ಅಗಲ, 3 ಮಿ.ಮೀ. ಉದ್ದದ ಒಂದು ಚೂರನ್ನು ರೆಟಿನಾದ ಅಡಿಗೆ ತೂರಿಸಿತು. ಚರ್ಮದ ಕೋಶವನ್ನು ಹೀಗೆ ಹಿಂದಕ್ಕೆ ತಿರುಗಿಸುವ ವಿದ್ಯೆಗೆ ಶಿನ್ಯಾ ಯಮನಕ ಅವರಿಗೆ 2012ರಲ್ಲಿ ನೊಬೆಲ್ ಬಂದಿತ್ತು. ಇಷ್ಟೆಲ್ಲಾ ಮಾಡಿ ಏನಾಯ್ತು? ವರ್ಷ ಕಳೆದ ಮೇಲೂ ಚೂರು ಅಲ್ಲೇ ಇತ್ತು. ದೃಷ್ಟಿ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಎರಡನೇ ರೋಗಿಗೆ ಕೋಶಗಳು ರೆಡಿ ಇದ್ದವು, ಆದರೆ ಅವುಗಳ ಜೀನ್‌ಗಳಲ್ಲಿ ಏನೋ ಬದಲಾವಣೆ ಕಂಡಿತು ಅಂತ ಸರ್ಜರಿಯನ್ನೇ ನಿಲ್ಲಿಸಿದರು. ನನಗೆ ಆ ತಂಡದ ಮೇಲೆ ನಂಬಿಕೆ ಬಂದಿದ್ದು ಈ ನಿಲ್ಲಿಸಿದ ವಿಷಯ ಓದಿದ ಮೇಲೆ.

ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ಫಲಿತಾಂಶ ಇದಕ್ಕಿಂತ ಚೆನ್ನಾಗಿದೆ. 2018ರಲ್ಲಿ ಪ್ರಕಟವಾದ ವರದಿಯಲ್ಲಿ ಇಬ್ಬರು ರೋಗಿಗಳು. ಒಬ್ಬರು ಮುಂಚೆ ನಿಮಿಷಕ್ಕೆ ಎರಡು ಪದ ಓದಲೂ ತಿಣುಕುತ್ತಿದ್ದರು, ಆಮೇಲೆ 80ಕ್ಕೂ ಜಾಸ್ತಿ ಪದ ಓದಿದರು. ಖುಷಿಯ ಸುದ್ದಿಯೇ. ಆದರೆ ಅವರಿಬ್ಬರಿಗೂ ಎಎಂಡಿಯಿಂದ ದೃಷ್ಟಿ ದಿಢೀರನೆ ಹೋಗಿ ಜಾಸ್ತಿ ದಿನ ಆಗಿರಲಿಲ್ಲ. ಬುಡದ ಪದರ ಹಾಳಾಗಿದ್ದರೂ ಮೇಲಿನ ಬೆಳಕು ಹಿಡಿಯುವ ಕೋಶಗಳು ಪೂರ್ತಿ ಸತ್ತಿರಲಿಲ್ಲ. ನಮ್ಮ ಬೆಂಗಳೂರಿನ ಐಸ್ಟೆಮ್ ಕಂಪನಿ ಬೆಳೆಸುತ್ತಿರುವುದೂ ಆರ್‌ಪಿಇ ಕೋಶಗಳನ್ನೇ, ಎಎಂಡಿಯ ಒಣ ಬಗೆಗೆ. ಅವರದ್ದು ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿದೆ.

ನಿಮ್ಮ ತಮ್ಮನ ಕಾಯಿಲೆ ಬೇರೆ. ಆರ್‌ಪಿಯಲ್ಲಿ ಸಾಮಾನ್ಯವಾಗಿ ಸಾಯುವುದು ರಾಡ್‌ಗಳೇ, ಅವುಗಳ ಹಿಂದೆಯೇ ಕೋನ್‌ಗಳು. ಅಲ್ಲಿಗೆ ಬರೀ ಆರ್‌ಪಿಇ ಹಾಕುವುದು ಪೈರು ಒಣಗಿದ ಮೇಲೆ ಗದ್ದೆಗೆ ನೀರು ಬಿಟ್ಟ ಹಾಗೆ. ಹೊಸ ರಾಡ್‌ಗಳನ್ನೇ ಹಾಕಬೇಕು. ಹಾಕಿದರೆ ಸಾಲದು, ಅವು ಒಳಗಿನ ನರಕೋಶಗಳ ಜೊತೆ ತಂತಿ ಜೋಡಿಸಿಕೊಂಡು ಮೆದುಳಿಗೆ ಸುದ್ದಿ ಕಳಿಸಬೇಕು. ಕಷ್ಟ ಇರುವುದೇ ಇಲ್ಲಿ. 2020ರಲ್ಲಿ ಕೋಬೆಯಲ್ಲೇ ಇಬ್ಬರು ಆರ್‌ಪಿ ರೋಗಿಗಳಿಗೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಎಳೇ ರೆಟಿನಾದ ತುಣುಕು ಕೂರಿಸಿದರು. ಎರಡು ವರ್ಷ ಆದ ಮೇಲೂ ಅದು ಉಳಿದಿತ್ತು, ದೊಡ್ಡ ತೊಂದರೆ ಆಗಲಿಲ್ಲ. ದೃಷ್ಟಿ ಮಾತ್ರ ಹೇಳಿಕೊಳ್ಳುವಷ್ಟು ಮರಳಲಿಲ್ಲ. ಇಷ್ಟು ಎಚ್ಚರಿಕೆಯ ತಂಡವೇ ಇನ್ನೂ ಈ ಹಂತದಲ್ಲಿದೆ. ಹಾಗಿರುವಾಗ ಸೊಂಟದ ಮೂಳೆಯಿಂದ ಮಜ್ಜೆ ಎಳೆದು, ಸೋಸಿ, ಅದೇ ದಿನ ಕಣ್ಣಿಗೆ ಚುಚ್ಚಿದರೆ ರಾಡ್ ಹುಟ್ಟುತ್ತದಾ? ಮಜ್ಜೆಯ ಸ್ಟೆಮ್ ಸೆಲ್‌ಗೆ ಮುಖ್ಯವಾಗಿ ಗೊತ್ತಿರುವುದು ರಕ್ತ ಮಾಡುವ ಕೆಲಸ.

ಅವರು ಹೈದರಾಬಾದಿನ ಹೆಸರು ಹೇಳಿರಬೇಕು. ಎಲ್ಲರೂ ಹೇಳುತ್ತಾರೆ. ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಸ್ಟೆಮ್ ಸೆಲ್‌ನಿಂದ ದೃಷ್ಟಿ ಬಂದವರಿದ್ದಾರೆ, ನಿಜ. ಆದರೆ ಅದು ಕಾರ್ನಿಯಾಗೆ, ಅಂದರೆ ಕಣ್ಣಿನ ಮುಂಭಾಗದ ಪದರಕ್ಕೆ. ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಒತ್ತಿ ಕಣ್ಣಿಗೆ ಸಿಡಿಸಿಕೊಂಡ ಮಕ್ಕಳು, ಆಸಿಡ್ ಬಿದ್ದವರು, ಇಂಥವರಿಗೆ ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಚೂರು ತೆಗೆದು ಹಾಕುತ್ತಾರೆ. ಅಲ್ಲಿ ನರಗಳ ಜೋಡಣೆಯ ಪ್ರಶ್ನೆಯೇ ಇಲ್ಲ. ಒಂದೇ ಕಣ್ಣು ಅಂತ ಮುಂದಿನದನ್ನು ತೋರಿಸಿ ಹಿಂದಿನದಕ್ಕೆ ದುಡ್ಡು ಕೇಳುವುದು ಹಳೇ ವ್ಯಾಪಾರ.

ಸರಿ, ಆಗದಿದ್ದರೆ ದುಡ್ಡು ತಾನೇ ಹೋಗುವುದು ಅಂತ ಅಪ್ಪ ಅನ್ನಬಹುದು. ಅಮೆರಿಕದ ಫ್ಲೋರಿಡಾದಲ್ಲಿ ಆಗಿದ್ದನ್ನು ಅವರಿಗೆ ಹೇಳಿ. 72ರಿಂದ 88 ವಯಸ್ಸಿನ ಮೂವರು ಎಎಂಡಿ ಇದ್ದ ಹೆಂಗಸರು 5,000 ಡಾಲರ್ ಕಟ್ಟಿ, ತಮ್ಮದೇ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿಸಿಕೊಂಡರು. ರಕ್ತಸ್ರಾವ ಆಯ್ತು, ರೆಟಿನಾ ಕಳಚಿಬಂತು, ಇದ್ದ ದೃಷ್ಟಿಯೂ ಹೋಯ್ತು. 2017ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಇದು ಬಂದಿದೆ. ನಿಮ್ಮವರೂ ಎರಡೂ ಕಣ್ಣು ಒಟ್ಟಿಗೆ ಅಂದಿದ್ದಾರೆ, ಅಲ್ವಾ? ನಿಜವಾದ ಪ್ರಯೋಗದಲ್ಲಿ ಸಾಮಾನ್ಯವಾಗಿ ಒಂದೇ ಕಣ್ಣು ಮುಟ್ಟುತ್ತಾರೆ, ಅದೂ ಹೆಚ್ಚು ಹಾಳಾದ ಕಣ್ಣು.

ಇಂಥ ಒಂದು ಕಡೆಗೆ ನಾನೂ ಸುಮ್ನೆ ಫೋನ್ ಮಾಡಿ ನೋಡಿದ್ದೆ. ಯಾವ ಜೀನ್‌ನ ಆರ್‌ಪಿಗೆ ಕೊಡುತ್ತೀರಿ ಅಂತ ಕೇಳಿದೆ. "ಎಲ್ಲಾ ಜೀನ್‌ಗೂ ಆಗುತ್ತೆ ಸಾರ್, ರಿಪೋರ್ಟ್ ವಾಟ್ಸಾಪ್ ಮಾಡಿ, ಈ ತಿಂಗಳು ಆಫರ್ ಇದೆ" ಅಂದರು. ಕಣ್ಣಿಗೆ ಆಫರ್!

ನಮ್ಮ ದೇಶದ ನಿಯಮ ಸ್ಪಷ್ಟವಾಗಿದೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಕೆಲವು ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ಮಜ್ಜೆ ಕಸಿ ಬಿಟ್ಟರೆ, ಸ್ಟೆಮ್ ಸೆಲ್ ಅನ್ನು ಚಿಕಿತ್ಸೆ ಅಂತ ಮಾರುವಂತಿಲ್ಲ. ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ಮಾಡಬಹುದು, ಪ್ರಯೋಗಕ್ಕೆ ಬಂದ ರೋಗಿಯಿಂದ ದುಡ್ಡು ತೆಗೆದುಕೊಳ್ಳಬಾರದು. ಪ್ರಯೋಗಗಳ ಪಟ್ಟಿ ಸಿಟಿಆರ್‌ಐ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಪಟ್ಟಿಯಲ್ಲಿ ಹೆಸರಿದೆ ಅಂತ ಮಾತ್ರಕ್ಕೆ ನಂಬಬೇಡಿ. ಫ್ಲೋರಿಡಾದ್ದೂ ಅಲ್ಲಿಯ ಸರ್ಕಾರಿ ಪಟ್ಟಿಯಲ್ಲಿ ಇತ್ತು. ನನ್ನ ಅಳತೆಗೋಲು ದುಡ್ಡು. ಕೇಳಿದರಾ, ಎದ್ದು ಬನ್ನಿ.

ಆ ಮೂರು ಲಕ್ಷದಲ್ಲಿ ಒಂದು ಚಿಕ್ಕ ಪಾಲು ತಮ್ಮನ ಜೀನ್ ಪರೀಕ್ಷೆಗೆ ಖರ್ಚು ಮಾಡಿ. ಆರ್‌ಪಿ ಹತ್ತಾರು ಜೀನ್‌ಗಳಲ್ಲಿ ಯಾವುದು ಕೆಟ್ಟರೂ ಬರಬಹುದು. ಮುಂದೆ ಯಾವ ಪ್ರಯೋಗಕ್ಕೆ ಸೇರಬೇಕಾದರೂ ಮೊದಲು ಕೇಳುವುದು ಇದನ್ನೇ ಇರಬಹುದು. ಆರ್‌ಪಿಇ65 ಎಂಬ ಒಂದು ಜೀನ್‌ಗೆ ಮಾತ್ರ ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಲಕ್ಸ್‌ಟರ್ನಾ ಅಂತ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆಗ ಅದರ ಬೆಲೆ ಎರಡು ಕಣ್ಣಿಗೆ 8,50,000 ಡಾಲರ್ ಇತ್ತು. ನಮ್ಮ ಕೈಗೆಟುಕುವ ಮಾತಲ್ಲ ಬಿಡಿ, ಆದರೆ ದಾರಿ ಇದೆ ಅಂತ ಗೊತ್ತಾಯ್ತು. ನಿಮ್ಮಲ್ಲಿ ಅಕ್ಕನ ಮಗಳು, ಸೋದರಮಾವನ ಮಗಳು ಅಂತ ಸಂಬಂಧದಲ್ಲೇ ಮದುವೆ ನಡೆಯುತ್ತಿದ್ದರೆ ತಮ್ಮನ ಮದುವೆಗೆ ಮುಂಚೆಯೇ ಜೀನ್ ಸಲಹೆಗಾರರ ಹತ್ತಿರ ಮಾತಾಡಿ. ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿರುವ ಜೀನ್ ಕೂಡಿದಾಗ ಬರುವ ಆರ್‌ಪಿ ಇಂಥ ಮನೆಗಳಲ್ಲಿ ಜಾಸ್ತಿ.

ರೆಟಿನಾ ಡಾಕ್ಟರ್ ಹತ್ತಿರ ಹೋದಾಗ ಎರಡು ವಿಷಯ ಬಾಯಿಬಿಟ್ಟು ಕೇಳಿ: ಮ್ಯಾಕುಲಾದಲ್ಲಿ (ರೆಟಿನಾದ ನಡುಭಾಗ) ನೀರು ತುಂಬಿದೆಯಾ, ಪೊರೆ ಬಂದಿದೆಯಾ. ಆರ್‌ಪಿಯವರಿಗೆ ಚಿಕ್ಕ ವಯಸ್ಸಿಗೇ ಇವೆರಡೂ ಬರಬಹುದು. ನೀರಿಗೆ ಡ್ರಾಪ್ಸ್, ಮಾತ್ರೆ ಇದೆ, ಪೊರೆಗೆ ಆಪರೇಷನ್ ಇದೆ. ಪೊರೆ ತೆಗೆಸಿದ ಮೇಲೆ ನನಗೆ ಬಸ್ಸಿನ ಬೋರ್ಡು ಮತ್ತೆ ಓದಲು ಬಂತು.

ಇನ್ನೊಂದು, ತಮ್ಮನಿಗೆ ಎದುರಿನ ಅಕ್ಷರ ಕಾಣುತ್ತದೆ ಅಂತ ಅಂಗವಿಕಲರ ಸರ್ಟಿಫಿಕೇಟ್ ಸಿಗುವುದಿಲ್ಲ ಅಂದುಕೊಳ್ಳಬೇಡಿ. 2016ರ ಕಾಯ್ದೆ ಪ್ರಕಾರ ನೋಟದ ಹರವು 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದು ಅಂಧತ್ವವೇ, 10ರಿಂದ 40ರೊಳಗೆ ಇದ್ದರೆ ಮಂದದೃಷ್ಟಿ. ಎಷ್ಟೋ ಕಡೆ ಅಕ್ಷರದ ಚಾರ್ಟ್ ಓದಿಸಿ ವಾಪಸ್ ಕಳಿಸುತ್ತಾರೆ. ನೋಟದ ಹರವು ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿ, ಅದರ ಪ್ರಿಂಟ್ ಕೈಯಲ್ಲಿ ಹಿಡಿದೇ ಹೋಗಿ.